"ಆಗಿದ್ದು ಆಯ್ತು ಬಿಡಿ" ಅನ್ನುವ ಹಕ್ಕು ಯಾರದು?

ಫಲಿತಾಂಶ ಬಂದ ಮರುದಿನ ಗೆದ್ದ ಕಡೆಯವರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: "ಆಗಿದ್ದು ಆಯ್ತು ಬಿಡಿ, ಎಲ್ಲಾ ಒಟ್ಟಿಗೆ ಹೋಗೋಣ." ಹೇಳುವವನ ಪಾಲಿಗೆ ಅದು ದೊಡ್ಡಮನಸ್ಸು, ಕೇಳುವವನ ಪಾಲಿಗೆ ಗಾಯದ ಮೇಲೆ ಬರೆ. ಆ ಮಾತು ಆಡುವ ಹಕ್ಕು ಸೋತವನದು. ಅವನ ಬಾಯಿಂದ ಬಂದರೆ ಜಗಳ ಅಲ್ಲಿಗೆ ನಿಲ್ಲುತ್ತದೆ. ಗೆದ್ದವನು ಅಂದರೆ ಮುಂದಿನ ಚುನಾವಣೆವರೆಗೂ ಹೊಗೆಯಾಡುತ್ತದೆ.

ಇದು ಹೆಚ್ಚು ಕಾಣುವುದು ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ. ಕಾಗದದ ಮೇಲೆ ಅಲ್ಲಿ ಪಕ್ಷವೂ ಇಲ್ಲ, ಪಕ್ಷದ ಚಿಹ್ನೆಯೂ ಇಲ್ಲ. ಆದರೂ ಯಾರು ಯಾವ ಪಕ್ಷದ ಬೆಂಬಲಿತ ಅನ್ನುವುದು ಊರಿನ ಮಕ್ಕಳಿಗೂ ಗೊತ್ತು. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ ಅನ್ನುವ ಲೆಕ್ಕವಾದ್ದರಿಂದ ಐದಾರು ಮತದಲ್ಲಿ ಸೋಲುವುದು ಅಪರೂಪವಲ್ಲ. ಸಮಸಮ ಬಂದರೆ ಚೀಟಿ ಎತ್ತುತ್ತಾರೆ. ಅಷ್ಟು ಸಣ್ಣ ಅಂತರದಲ್ಲಿ ಸೋತವನು ರಾತ್ರಿಯಿಡೀ ಮನೆಗಳನ್ನು ಎಣಿಸುತ್ತಾನೆ: ದೊಡ್ಡಪ್ಪನ ಮನೆಯ ನಾಲ್ಕು ಬಂದಿಲ್ಲ, ಕೆಳಗಿನ ಬೀದಿಯ ಮೂರು ಕೈಕೊಟ್ಟವು. ಬೆಳಗಾದರೆ ಅದೇ ದೊಡ್ಡಪ್ಪನ ಹಿಂದೆ ಹಾಲಿನ ಡೈರಿಯಲ್ಲಿ ಕ್ಯಾನು ಹಿಡಿದು ನಿಲ್ಲಬೇಕು.

ವಿಧಾನಸಭೆ ಚುನಾವಣೆಯಲ್ಲೂ ಈ ಎಣಿಕೆ ತಪ್ಪಿದ್ದಲ್ಲ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತು ಅನ್ನುವುದು ಫಾರ್ಮ್ 20ರಲ್ಲಿ ಅಚ್ಚಾಗುತ್ತದೆ. ಮತ ಗುಟ್ಟು, ಬೀದಿ ಗುಟ್ಟಲ್ಲ. ಬೀದಿಯ ಲೆಕ್ಕ ಹೊರಬೀಳದಂತೆ ಹಲವು ಮತಗಟ್ಟೆಗಳ ಮತಯಂತ್ರಗಳನ್ನು ಕೂಡಿಸಿ ಎಣಿಸುವ ಟೋಟಲೈಸರ್ ತರೋಣ ಅಂತ ಚುನಾವಣಾ ಆಯೋಗ ಹೇಳಿ ವರ್ಷಗಳಾದವು, ಬಂದಿಲ್ಲ. "ನಿಮ್ಮ ಕೇರಿ ನಮಗೆ ಹಾಕಿಲ್ಲ, ಬೋರ್‌ವೆಲ್ ಯಾಕೆ ಕೇಳ್ತೀರಿ" ಅನ್ನುವ ಮಾತಿನ ಬೇರು ಇಲ್ಲಿದೆ.

ಮಾತಿಗೆ ಕೂರುವ ಮೊದಲು ಒಂದು ಲೆಕ್ಕ ಮಾಡಿಕೊಳ್ಳುವುದು ಒಳ್ಳೆಯದು, ವಿಶೇಷವಾಗಿ ಗೆದ್ದವರು. ಕರ್ನಾಟಕದಲ್ಲಿ 2013ರಲ್ಲಿ ಕಾಂಗ್ರೆಸ್‌ಗೆ ಶೇ 36ರ ಆಸುಪಾಸು ಮತ ಬಂತು, ಸ್ಥಾನ 122. 2018ರಲ್ಲಿ ಬಿಜೆಪಿಗೂ ಹೆಚ್ಚುಕಡಿಮೆ ಅಷ್ಟೇ ಮತ, ಸ್ಥಾನ 104. ಆ ಸಲ ಕಾಂಗ್ರೆಸ್‌ಗೆ ಅದಕ್ಕಿಂತ ಹೆಚ್ಚು ಮತ ಬಿದ್ದು ಸ್ಥಾನ ಕಡಿಮೆ ಬಂತು. 2023ರಲ್ಲಿ ಬಿಜೆಪಿಯ ಪಾಲು ಮತ್ತೆ ಶೇ 36, ಸ್ಥಾನ ಮಾತ್ರ 66. "ಜನ ಅವರನ್ನ ಕಿತ್ತೆಸೆದರು" ಅನ್ನುವಾಗ, ಕಿತ್ತೆಸೆಯದ ಆ 36 ನಮ್ಮದೇ ಬೀದಿಯಲ್ಲಿದೆ. ಒಂದು ವರ್ಷ ಕಳೆದು 2024ರ ಲೋಕಸಭೆಗೆ ಇದೇ ರಾಜ್ಯ ಬಿಜೆಪಿಗೆ 17, ಜೆಡಿಎಸ್‌ಗೆ 2, ಕಾಂಗ್ರೆಸ್‌ಗೆ 9 ಸ್ಥಾನ ಕೊಟ್ಟಿತು. ಇನ್ನು 2004ರಲ್ಲಿ ಸಂತೇಮರಹಳ್ಳಿಯಲ್ಲಿ ಗೆಲುವಿನ ಅಂತರ ಒಂದು ಮತ, 2023ರಲ್ಲಿ ಜಯನಗರದಲ್ಲಿ ಹದಿನಾರು. ಹದಿನಾರು ಮತಕ್ಕೆ "ಜನಾದೇಶ" ಅಂತ ಎದೆ ಉಬ್ಬಿಸುವುದು ಸ್ವಲ್ಪ ಹೆಚ್ಚೇ ಆಯಿತು.

ಈಗ ಭೇಟಿಯ ವಿಷಯ. ಗೆದ್ದವರು ಸೋತವರ ಮನೆಗೆ ಹೋಗಬೇಕು, ಕರೆಸಿಕೊಳ್ಳುವುದಲ್ಲ. ಮೆರವಣಿಗೆಗೆ ಮುಂಚೆಯೇ ಹೋದರೆ ಅರ್ಧ ಕೆಲಸ ಮುಗಿದಂತೆ. ಅವರ ಮನೆ ಮುಂದೆ ತಮಟೆ ಹೊಡೆದು ಪಟಾಕಿ ಹಚ್ಚಿ, ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದರೆ ಅದು ಎರಡನೇ ಸುತ್ತಿನ ಮೆರವಣಿಗೆ ಅಷ್ಟೆ. ಇಬ್ಬರು ಸಾಕು: ಗೆದ್ದವರು, ಜೊತೆಗೆ ಎರಡೂ ಮನೆಗೆ ಬೇಕಾದ ಒಬ್ಬ ಹಿರಿಯರು. ಹಾರ, ಶಾಲು, ಮುಖದ ಬಣ್ಣ ಎಲ್ಲ ತೆಗೆದು ಬರಬೇಕು. ಫೋಟೊ ಬೇಡ, ಆ ಫೋಟೊ ಸಂಜೆಗೆ ಸ್ಟೇಟಸ್ಸಿಗೆ ಏರಿದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆ ತೊಳೆದ ಹಾಗೆ. ನಮ್ಮ ಪಂಚಾಯ್ತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಗೆದ್ದಾಕೆಯ ಬದಲು ಅವರ ಗಂಡ ಹೋಗಿ ಬಂದರೆ ಅದು ಲೆಕ್ಕಕ್ಕಿಲ್ಲ.

"ಅಣ್ಣ, ನೋಡ್ಕೊಂಡು ಹೋಗೋಣ ಅಂತ ಬಂದೆ" ಅಂದರೆ ಸಾಕು, ಮುಂದಿನದು ಅವರಿಗೆ ಬಿಟ್ಟಿದ್ದು. "ದುಡ್ಡು ಹಂಚಿ ಗೆದ್ರಿ" ಅಂತ ಹತ್ತು ನಿಮಿಷ ಬೈಯಬಹುದು. ಅಲ್ಲಿ ಉತ್ತರ ಕೊಡಲು ಹೊರಟರೆ ಕೆಟ್ಟಿತು. ಎಣಿಕೆಯ ಬಗ್ಗೆ ಅನುಮಾನವಿದ್ದರೆ ಅದಕ್ಕೆ ನ್ಯಾಯಾಲಯವಿದೆ (ಶಾಸಕರ ಚುನಾವಣೆಯಾದರೆ ಹೈಕೋರ್ಟಿಗೆ 45 ದಿನದೊಳಗೆ ಅರ್ಜಿ), ಜಗಲಿಯಲ್ಲಿ ಅದು ತೀರ್ಮಾನವಾಗುವುದಿಲ್ಲ. "ನೀವೂ ಒಳ್ಳೆ ಫೈಟ್ ಕೊಟ್ರಿ" ಅನ್ನುವ ಮಾತೂ ಬೇಡ, ಅದರಲ್ಲಿ ಕನಿಕರದ ವಾಸನೆ ಹೊಡೆಯುತ್ತದೆ. ಕಾಫಿ ಕೊಟ್ಟರೆ ಕುಡಿದು ಏಳುವುದು. ಕೊಡದಿದ್ದರೆ, ಇನ್ನೊಂದು ವಾರ ಬಿಟ್ಟು ಮತ್ತೆ ಹೋಗುವುದು.

ನಿಜವಾದ ಮಾತುಕತೆ, ಅಭ್ಯರ್ಥಿಗಳ ನಡುವೆಯಾಗಲಿ, ಬೇರೆ ಬೇರೆ ಕಡೆ ಮತ ಹಾಕಿದ ನೆಂಟರ ನಡುವೆಯಾಗಲಿ, ಇದಾದ ಮೂರ್ನಾಲ್ಕು ವಾರದ ಮೇಲೆ. ಇಬ್ಬರೇ ಇರಬೇಕು, ಮೂರನೆಯವನು ಬಂದರೆ ಇಬ್ಬರೂ ಅವನಿಗಾಗಿ ಮಾತಾಡಲು ಶುರುಮಾಡುತ್ತಾರೆ. ಮುಕ್ಕಾಲು ಗಂಟೆಗಿಂತ ಹೆಚ್ಚು ಬೇಡ. "ಯಾಕೆ ಅವರಿಗೆ ಹಾಕಿದ್ರಿ?" ಅಂತ ಕೇಳಬಾರದು. ಮತ ಅವರ ಗುಟ್ಟು, ಅಲ್ಲದೆ "ಯಾಕೆ" ಅಂದ ಕೂಡಲೇ ಮನುಷ್ಯ ಕಟಕಟೆಗೆ ಹತ್ತುತ್ತಾನೆ. "ಯಾವಾಗಿಂದ ಹೀಗನ್ನಿಸ್ತಿದೆ?" ಅಂತ ಕೇಳಿದರೆ ವಾದದ ಬದಲು ಅವರಿಗೆ ಆದದ್ದೇನು ಅನ್ನುವುದು ಬರುತ್ತದೆ.

ಕೇಳಿಸಿಕೊಂಡದ್ದನ್ನು ತಿರುಗಿ ಅವರಿಗೇ ಹೇಳುವುದು ಇಡೀ ಕೆಲಸದ ನಡುಗಂಬ. ಗ್ಯಾರಂಟಿ ಯೋಜನೆಗಳ ಮಾತು ಬಂತು ಅಂದುಕೊಳ್ಳಿ. ಮಾವ ಅನ್ನುತ್ತಾರೆ: "ಬಿಟ್ಟಿ ಕೊಟ್ಟು ಜನಾನ ಸೋಮಾರಿ ಮಾಡಿಟ್ರು." ಅಳಿಯ ತಿರುಗಿ ಹೇಳುತ್ತಾನೆ: "ಅಂದ್ರೆ ಬಡವರಿಗೆ ಕೊಡೋದು ನಿಮಗೆ ಆಗಲ್ಲ." ಮುಗಿಯಿತು, ಮಾವ ಎದ್ದು ಟವೆಲ್ ಕೊಡವುತ್ತಾರೆ. ಅದರ ಬದಲು, "ತೋಟಕ್ಕೆ ಆಳು ಸಿಗ್ತಿಲ್ಲ, ಕೂಲಿ ಏರಿದೆ, ಅದಕ್ಕೆ ಇದೇ ಕಾರಣ ಅಂತೀರಾ ಮಾವ?" ಅಂದರೆ, "ಅದೊಂದೇ ಅಲ್ಲಪ್ಪ. ಕೊಬ್ಬರಿ ರೇಟು ಬಿದ್ದಾಗ ನಮ್ಮನ್ನ ಯಾರೂ ಕೇಳ್ಲಿಲ್ಲ" ಅನ್ನುವ ಮಾತು ಹೊರಬೀಳುತ್ತದೆ. ಸಿಟ್ಟು ಇದ್ದದ್ದು ಅಲ್ಲಿ. ಆ ಕಡೆಯಿಂದಲೂ ಹೀಗೇ. "ಎರಡು ಸಾವಿರಕ್ಕೆ ಮತ ಮಾರ್ಕೊಂಡ್ರಿ" ಅಂತ ಅಂದುಬಿಟ್ಟರೆ ಅತ್ತೆ ಬಾಯಿ ಬಿಡುವುದಿಲ್ಲ. ಸುಮ್ಮನೆ ಕೇಳಿಸಿಕೊಂಡರೆ, ಗೃಹಲಕ್ಷ್ಮಿ ಹಣ ಬಂದ ಮೇಲೆ ಮಾತ್ರೆಗೆ ಮಗನ ಮುಂದೆ ಕೈಯೊಡ್ಡುವುದು ತಪ್ಪಿತು ಅನ್ನುವುದನ್ನು ಅವರೇ ಹೇಳಬಹುದು. "ಹೂಂ, ಅದೇ ಕಣಪ್ಪ" ಅನ್ನುವ ಮಾತು ಎದುರಿನವರ ಬಾಯಿಂದ ಬರುವವರೆಗೆ ನಮ್ಮ ಅಭಿಪ್ರಾಯ ಜೇಬಲ್ಲಿರಲಿ. ಮೂರು ಸಲ ತಿರುಗಿಸಿ ಹೇಳಿದರೂ ಆ "ಹೂಂ" ಬರಲಿಲ್ಲವೆಂದರೆ, ನಾವು ನಮ್ಮ ಉತ್ತರವನ್ನೇ ಅವರ ಬಾಯಿಗೆ ತುರುಕುತ್ತಿದ್ದೇವೆ.

ಇಲ್ಲಿ ಕನ್ನಡದ "ನೀವು" ಒಂದು ತೊಡಕು ತರುತ್ತದೆ. ಗೌರವಕ್ಕೂ ಅದೇ, ಬಹುವಚನಕ್ಕೂ ಅದೇ. "ಚರಂಡಿ ದುಡ್ಡು ನೀವು ತಿಂದ್ರಿ" ಅಂದಾಗ ಹೇಳಿದವನ ಮನಸ್ಸಿನಲ್ಲಿ ಇದ್ದದ್ದು ಹಿಂದಿನ ಬಾಡಿ (ಪಂಚಾಯ್ತಿಯ ಆಡಳಿತ ಮಂಡಳಿ), ಕೇಳಿದವರಿಗೆ ಕಂಡದ್ದು ತಾವೊಬ್ಬರೇ. ಎಷ್ಟೋ ಮನೆಗಳ ಮಾತು ನಿಂತಿರುವುದು ಈ ಒಂದು ಸರ್ವನಾಮದಲ್ಲಿ. "ಹಿಂದಿನ ಬಾಡಿಯಲ್ಲಿ ಚರಂಡಿ ಬಿಲ್ ಆಯ್ತು, ಕೆಲಸ ಆಗ್ಲಿಲ್ಲ" ಅಂತ ಬಿಡಿಸಿ ಹೇಳಿದರೆ ಎದುರಿನವರೂ "ಹೌದು, ಅದು ತಪ್ಪೇ" ಅನ್ನಲು ಜಾಗವಿರುತ್ತದೆ. "ನಿಮ್ಮವರು" ಪದವಂತೂ ಬೇಡವೇ ಬೇಡ.

ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಇದ್ಯಾವುದೂ ನಡೆಯುವುದಿಲ್ಲ. ಚಿಕ್ಕಪ್ಪ ಸುಳ್ಳು ಫಾರ್ವರ್ಡ್ ಹಾಕಿದರೆ ನಲವತ್ತು ಜನರ ಮುಂದೆ ತಿದ್ದುವುದಕ್ಕಿಂತ ಫೋನ್ ಮಾಡುವುದು ಮೇಲು.

ಇಷ್ಟಾದರೂ ತಗ್ಗಿ ನಡೆಯುವ ಪಾಠವನ್ನು ಎಲ್ಲರಿಗೂ ಹೇಳುವ ಹಾಗಿಲ್ಲ. ಮತ ಹಾಕಿದ್ದಕ್ಕೆ ದಲಿತ ಕೇರಿಗೆ ಕೂಲಿ ನಿಲ್ಲಿಸಿದರೆ, ಅಂಗಡಿಯಲ್ಲಿ ಸಾಮಾನು ಕೊಡದಿದ್ದರೆ, "ಕೂತು ಮಾತಾಡ್ಕೊಳ್ಳಿ" ಅನ್ನುವುದು ಅನ್ಯಾಯ. ಚುನಾವಣೆಯ ನಂತರ ಪರಿಶಿಷ್ಟ ಜಾತಿ, ಪಂಗಡದವರ ಮೇಲೆ ಹಲ್ಲೆ ಅಥವಾ ಬಹಿಷ್ಕಾರ ನಡೆಸುವುದು ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಅಲ್ಲಿ ಕಾಫಿಯಲ್ಲ, ದೂರು.

ಕೊನೆಗೆ ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ಈ ಸಭೆಗೆ ಸೋತವರ ಕಡೆಯವರು ಬಂದರೂ ಹಿಂದೆ ಬಾಗಿಲ ಹತ್ತಿರ ನಿಂತಿರುತ್ತಾರೆ. ಅವರು ಕೂಗಿದ್ದು ಅರ್ಧ ಕೇಳಿಸುತ್ತದೆ, ನಡಾವಳಿ ಪುಸ್ತಕದಲ್ಲಿ "ಕೆಲವರು ಆಕ್ಷೇಪಿಸಿದರು" ಅಂತ ಒಂದು ಸಾಲಾಗುತ್ತದೆ. ಹೊಸ ಅಧ್ಯಕ್ಷರು ಆ ಸಾಲು ಹೊಡೆದುಹಾಕಿಸಿ, ಹೇಳಿದವರ ಮಾತಿನಲ್ಲೇ ಬರೆಸಬಹುದು: ಯಾವ ಬೀದಿ, ಯಾವ ಕಂಬ, ಎಷ್ಟು ದಿನದಿಂದ ದೀಪವಿಲ್ಲ. ಬರೆದದ್ದನ್ನು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಗಟ್ಟಿಯಾಗಿ ಓದಲಿ. "ನೀವು ಹೇಳಿದ್ದು ಇದೇ ತಾನೆ?" ಅಂತ ಬಾಗಿಲ ಕಡೆ ಕೇಳಿ, "ಹೂಂ" ಅಂದ ಮೇಲೆ ಸಹಿ ಹಾಕಲಿ.