ಆರ್‌1ಟಿ ಕೊಳ್ಳಬೇಕೋ, ರ‍್ಯಾಂಗ್ಲರ್ ಕೊಳ್ಳಬೇಕೋ: ಮೊದಲು ದಾರಿಯ ಲೆಕ್ಕ ಹಾಕಿ

ನಾಲ್ಕು ಬಾಗಿಲಿನ ವಿ6 ಜೀಪ್ ರ‍್ಯಾಂಗ್ಲರ್‌ನ ಟ್ಯಾಂಕು 21.5 ಗ್ಯಾಲನ್ ಹಿಡಿಯುತ್ತದೆ, ಅಂದರೆ ಸುಮಾರು 81 ಲೀಟರ್ ಪೆಟ್ರೋಲು. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಲೆಕ್ಕದಲ್ಲಿ ಒಂದು ಗ್ಯಾಲನ್ ಪೆಟ್ರೋಲು 33.7 ಯೂನಿಟ್ ಕರೆಂಟಿಗೆ ಸಮ. ಮನೆಯ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ ಯೂನಿಟ್. ಹಾಗಾದರೆ ಆ ಟ್ಯಾಂಕಿನಲ್ಲಿರುವುದು ಹತ್ತಿರ ಹತ್ತಿರ 725 ಯೂನಿಟ್. ರಿವಿಯನ್ ಆರ್‌1ಟಿ ಎಲೆಕ್ಟ್ರಿಕ್ ಟ್ರಕ್ಕಿನ ಮೊದಲ ಪೀಳಿಗೆಯ 'ಲಾರ್ಜ್' ಬ್ಯಾಟರಿ 135 ಯೂನಿಟ್‌ನದು. ಲೆಕ್ಕ ಹಾಕಿದರೆ ನಾಲ್ಕೇ ಗ್ಯಾಲನ್ ಪೆಟ್ರೋಲು! ಪೆಟ್ರೋಲ್ ಎಂಜಿನ್ನಿನ ಶಕ್ತಿಯ ಬಹುಪಾಲು ಬಿಸಿಯಾಗಿ ಹೊರಗೆ ಹೋಗುತ್ತದೆ, ಮೋಟರಿನಲ್ಲಿ ಅಷ್ಟು ನಷ್ಟವಿಲ್ಲ. ಆದ್ದರಿಂದಲೇ ಆ ನಾಲ್ಕು ಗ್ಯಾಲನ್ನಿನಲ್ಲೇ ಮೊದಲ ಪೀಳಿಗೆಯ ನಾಲ್ಕು ಮೋಟರಿನ ಆರ್‌1ಟಿಗೆ 314 ಮೈಲಿಯ ಇಪಿಎ ರೇಂಜ್ (ಒಮ್ಮೆ ತುಂಬಿಸಿದರೆ ಓಡುವ ದೂರ) ಸಿಕ್ಕಿದೆ. ಆದರೆ ಮುಗಿದಾಗ ಮತ್ತೆ ತುಂಬಿಸುವುದು ಹೇಗೆ, ಎಲ್ಲಿ? ಕೊಳ್ಳುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಬಂಡೆ ಯಾವುದು ಚೆನ್ನಾಗಿ ಹತ್ತುತ್ತದೆ ಅನ್ನುವುದು ಆಮೇಲಿನ ಮಾತು.

ಅಮೆರಿಕದಲ್ಲಿದ್ದು, ವಾರವೆಲ್ಲ ಆಫೀಸಿಗೆ ಓಡಿಸಿ, ರಜೆಯಲ್ಲಿ ಯೂಟಾ, ಕೊಲರಾಡೊ, ಸಿಯೆರಾ ಕಡೆ ಮಣ್ಣು ರಸ್ತೆ ಹಿಡಿಯುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹೋಲಿಕೆಗೆ ಆರ್‌1ಟಿ ಮತ್ತು ರ‍್ಯಾಂಗ್ಲರ್ ರುಬಿಕಾನ್ (ಬಂಡೆ ದಾರಿಗೆಂದೇ ಮಾಡಿದ ಮಾದರಿ) ತೆಗೆದುಕೊಂಡಿದ್ದೇನೆ.

ಒಂದು ನಿಜವಾದ ದಾರಿಯನ್ನೇ ನೋಡೋಣ. ಯೂಟಾದ ಕ್ಯಾನಿಯನ್‌ಲ್ಯಾಂಡ್ಸ್ ನ್ಯಾಷನಲ್ ಪಾರ್ಕಿನ ವೈಟ್ ರಿಮ್ ರಸ್ತೆ ಸುಮಾರು 100 ಮೈಲಿಯ ಸುತ್ತು. ಒಂದೇ ದಿನದಲ್ಲಿ ಮುಗಿಸುವುದಾದರೂ ಪರ್ಮಿಟ್ ಬೇಕು. ನಡುವೆ ಪೆಟ್ರೋಲೂ ಇಲ್ಲ, ಕರೆಂಟೂ ಇಲ್ಲ. ಮೋಅಬ್ ಊರಿನಿಂದ ಹೋಗಿಬರುವ ಡಾಂಬರು ರಸ್ತೆ ಸೇರಿಸಿದರೆ 165 ಮೈಲಿ ಅಂದುಕೊಳ್ಳಿ. ಆಲ್-ಟೆರೇನ್ ಟೈರಿನ ಆರ್‌1ಟಿ ಡಾಂಬರಿನಲ್ಲಿ ಯೂನಿಟ್‌ಗೆ 2 ಮೈಲಿ ಕೊಡುತ್ತದೆ, ಮರಳು-ಬಂಡೆ ಬೆರೆತ ದಾರಿಯಲ್ಲಿ 1.4ರಿಂದ 1.5. ಮಣ್ಣು ರಸ್ತೆಗೆ 70 ಯೂನಿಟ್, ಡಾಂಬರಿಗೆ 33, ಒಟ್ಟು 103. ಬ್ಯಾಟರಿಯಲ್ಲಿ ನಮ್ಮ ಬಳಕೆಗೆ ಸಿಗುವುದು 130ರ ಆಸುಪಾಸು. ಉಳಿಯುವುದು ಶೇಕಡ 20. ಮೇ ಅಥವಾ ಅಕ್ಟೋಬರಿನಲ್ಲಿ ಇಷ್ಟು ಸಾಕು. ಚಳಿಗಾಲದಲ್ಲಾದರೆ ಸಾಲದು. ಅಮೆರಿಕದ ವಾಹನ ಸವಾರರ ಸಂಸ್ಥೆ ಎಎಎ 2019ರಲ್ಲಿ ಮಾಡಿದ ಪರೀಕ್ಷೆಯಲ್ಲಿ 20 ಡಿಗ್ರಿ ಫ್ಯಾರನ್‌ಹೀಟ್ ಚಳಿಗೆ, ಹೀಟರ್ ಹಾಕಿ ಓಡಿಸಿದ ಎಲೆಕ್ಟ್ರಿಕ್ ಕಾರುಗಳ ರೇಂಜ್ ಸರಾಸರಿ ಶೇಕಡ 41 ಇಳಿದಿತ್ತು. ಹಿಂದೆ ಟ್ರೇಲರ್ ಕಟ್ಟಿದರೂ ಅರ್ಧಕ್ಕರ್ಧ ಇಳಿಯುತ್ತದೆ. ಟ್ರೇಲರ್ ಎಳೆದುಕೊಂಡು ದೂರದ ಕ್ಯಾಂಪಿಗೆ ಹೋಗುವ ಅಭ್ಯಾಸವಿರುವವರು ಇಲ್ಲಿಗೇ ನಿಲ್ಲಿಸಿ ಪೆಟ್ರೋಲ್ ಗಾಡಿ ಕೊಳ್ಳುವುದು ಒಳ್ಳೆಯದು.

ಏರಿನ ಲೆಕ್ಕವೂ ಬೇಕು. ಆಳು, ಸಾಮಾನು ಸೇರಿ 3,400 ಕಿಲೋ ತೂಗುವ ಟ್ರಕ್ಕನ್ನು 1,000 ಅಡಿ ಮೇಲಕ್ಕೆ ಏರಿಸಲು ಮಾಮೂಲಿ ಖರ್ಚಿನ ಮೇಲೆ ಇನ್ನೂ 3 ಯೂನಿಟ್ ಬೇಕು, ಅಂದರೆ 6 ಮೈಲಿ ರೇಂಜ್ ಕಳೆದಂತೆ. ಇಳಿಯುವಾಗ ಅದರಲ್ಲಿ ಒಂದಷ್ಟು, ವೇಗ ತಗ್ಗಿಸುತ್ತಲೇ ಮೋಟರ್ ಕರೆಂಟ್ ಮಾಡುವ ರೀಜೆನ್‌ನಿಂದ ವಾಪಸ್ ಬರುತ್ತದೆ. ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ: ಬೆಟ್ಟದ ಮೇಲಿನ ಊರಿನಲ್ಲಿ ರಾತ್ರಿಯೆಲ್ಲ ಚಾರ್ಜಿಗಿಟ್ಟು ಬೆಳಿಗ್ಗೆ 100 ತೋರಿಸುವಾಗ ಇಳಿಯಲು ಹೊರಟರೆ, ತುಂಬಿದ ಬ್ಯಾಟರಿ ಹೊಸ ಕರೆಂಟ್ ತೆಗೆದುಕೊಳ್ಳುವುದಿಲ್ಲ. ರೀಜೆನ್ ಕಮ್ಮಿಯಾಗುತ್ತದೆ, ಮೂರು ಟನ್ನಿಗೂ ಮಿಕ್ಕಿದ ಭಾರವೆಲ್ಲ ಬ್ರೇಕ್ ಪ್ಯಾಡಿನ ಮೇಲೆ ಬೀಳುತ್ತದೆ. ಕೊರೆಯುವ ಚಳಿಯಲ್ಲಿ ತಣ್ಣಗಾದ ಬ್ಯಾಟರಿಯೂ ಹೀಗೇ ಮಾಡುತ್ತದೆ. ಮೇಲೆ ತಂಗುವುದಾದರೆ 80-85ಕ್ಕೆ ಚಾರ್ಜ್ ನಿಲ್ಲಿಸಿ.

ನಿಧಾನದ ದಾರಿಯಲ್ಲಿ ಮಾತ್ರ ಎಲೆಕ್ಟ್ರಿಕ್‌ಗೆ ಸಾಟಿಯಿಲ್ಲ. ಮಡಿಕೇರಿಯಿಂದ ಮಾಂದಲಪಟ್ಟಿಗೆ ಜೀಪಿನಲ್ಲಿ ಹತ್ತಿದವರಿಗೆ ಗೊತ್ತು, ಕಲ್ಲಿನ ಮೇಲೆ ಗಾಡಿ ಹಿಂದೆ ಜಾರದಂತೆ ಕ್ಲಚ್ಚು, ಆಕ್ಸಿಲರೇಟರ್ ಎರಡನ್ನೂ ಹದವಾಗಿ ಹಿಡಿಯುವ ಕಷ್ಟ. ಮೋಟರಿಗೆ ನಿಂತಲ್ಲೇ ಪೂರ್ತಿ ಟಾರ್ಕ್ ಇದೆ. ಕಾಲು ಒತ್ತಿದಷ್ಟು ಇಂಚಿಂಚಾಗಿ ಮುಂದೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಎತ್ತರದಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಶೇಕಡ 3ರಷ್ಟು ಬಲ ಕಳೆದುಕೊಳ್ಳುತ್ತದೆ. ಕೊಲರಾಡೊದ ಇಮೊಜೀನ್ ಪಾಸ್ 13,114 ಅಡಿ ಎತ್ತರದಲ್ಲಿದೆ. ಅಲ್ಲಿಗೆ ತಲುಪುವ ಹೊತ್ತಿಗೆ ರ‍್ಯಾಂಗ್ಲರ್ ವಿ6ನ 285 ಕುದುರೆಶಕ್ತಿಯಲ್ಲಿ ಉಳಿಯುವುದು 175-190. 2.0 ಟರ್ಬೊ ಎಂಜಿನ್ನಿಗೆ ಈ ತೊಂದರೆ ಕಡಿಮೆ. ಮೋಟರಿಗಂತೂ ಎತ್ತರದ ಗೊಡವೆಯೇ ಇಲ್ಲ.

ಹಾಗಂತ ರುಬಿಕಾನ್ ಹೆಸರು ಸುಮ್ಮನೆ ಬಂದದ್ದಲ್ಲ. ನಿಧಾನದಲ್ಲಿ ಬಲವನ್ನು ನಾಲ್ಕು ಪಟ್ಟು ಮಾಡುವ 4:1 ಲೋ ಗೇರು, ಹಿಂದೆ-ಮುಂದೆ ಎರಡೂ ಕಡೆ ಎಡ-ಬಲ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಡಿಫರೆನ್ಷಿಯಲ್ ಲಾಕರ್, ಗುಂಡಿ ಒತ್ತಿದರೆ ಬಿಟ್ಟುಕೊಂಡು ಚಕ್ರಗಳನ್ನು ಹೆಚ್ಚು ಏರಿಳಿಯಲು ಬಿಡುವ ಮುಂಬದಿಯ ಸ್ವೇ ಬಾರ್. ಎರಡೂ ಕಡೆ ಎಡ-ಬಲ ಚಕ್ರಗಳನ್ನು ಒಂದೇ ದಂಡಕ್ಕೆ ಜೋಡಿಸಿದ ಗಟ್ಟಿ ಆಕ್ಸಲ್ ಇರುವುದರಿಂದ ಒಂದು ಚಕ್ರ ಮೇಲೆದ್ದರೆ ಇನ್ನೊಂದು ನೆಲಕ್ಕೆ ಒತ್ತಿಕೊಳ್ಳುತ್ತದೆ. ಆರ್‌1ಟಿಯ ಏರ್ ಸಸ್ಪೆನ್ಷನ್ ಪೂರ್ತಿ ಎದ್ದಾಗ ಅಡಿಯಲ್ಲಿ 14.9 ಇಂಚು ಜಾಗವಿರುತ್ತದೆ, ರುಬಿಕಾನ್‌ಗೆ 10.8. ಅಂಕಿ ನೋಡಿ ಮೋಸ ಹೋಗಬೇಡಿ. ಆರ್‌1ಟಿಯದು ಚಕ್ರ ಚಕ್ರಕ್ಕೂ ಬೇರೆಯಾದ ಸ್ವತಂತ್ರ ಸಸ್ಪೆನ್ಷನ್, ಅದು ಹಳ್ಳಕ್ಕೆ ಬಿದ್ದು ಒತ್ತಿಕೊಂಡಾಗ ಹೊಟ್ಟೆಯೂ ಕೆಳಗಿಳಿಯುತ್ತದೆ. ಗಟ್ಟಿ ಆಕ್ಸಲ್ಲಿನಲ್ಲಿ ಡಿಫರೆನ್ಷಿಯಲ್ ಅಡಿಯ ಜಾಗ ಯಾವಾಗಲೂ ಅಷ್ಟೇ ಇರುತ್ತದೆ.

ಆರ್‌1ಟಿಯೇ ಅಂತ ತೀರ್ಮಾನಿಸಿದವರು ಎರಡು ಮೋಟರಿನದೋ ನಾಲ್ಕರದೋ ಅನ್ನುವುದನ್ನು ದುಡ್ಡಿನ ಮೇಲಷ್ಟೇ ತೀರ್ಮಾನಿಸಬೇಡಿ. ನಾಲ್ಕು ಮೋಟರಿನದರಲ್ಲಿ ಚಕ್ರಕ್ಕೊಂದು ಮೋಟರ್, ಯಾವ ಚಕ್ರಕ್ಕೆ ಹಿಡಿತವಿದೆಯೋ ಅದಕ್ಕೆ ನೇರವಾಗಿ ಬಲ ಹೋಗುತ್ತದೆ. ಎರಡು ಮೋಟರಿನದರಲ್ಲಿ ಆಕ್ಸಲ್ಲಿಗೊಂದು ಮೋಟರ್, ನಡುವೆ ಲಾಕರ್ ಇಲ್ಲದ ಡಿಫರೆನ್ಷಿಯಲ್. ಮೂಲೆಗೆ ಮೂಲೆ ಎರಡು ಚಕ್ರ ಗಾಳಿಯಲ್ಲಿ ತೂಗಾಡಿದಾಗ, ತಿರುಗುವ ಚಕ್ರವನ್ನು ಬ್ರೇಕ್ ಹಾಕಿ ಹಿಡಿದು ಇನ್ನೊಂದಕ್ಕೆ ಬಲ ಕೊಡಬೇಕು. ಕೆಲಸ ಆಗುತ್ತದೆ, ಆದರೆ ಚಕ್ರ ಮೊದಲು ಒಂದಷ್ಟು ಸುತ್ತಿ ಮಣ್ಣು ಕೆದರುತ್ತದೆ. ಮಣ್ಣು ರಸ್ತೆ, ಹಿಮ, ಮರಳಿಗೆ ಎರಡು ಮೋಟರ್ ಧಾರಾಳ ಸಾಕು. ಮೋಅಬ್ಬಿನ ಹೆಲ್ಸ್ ರಿವೆಂಜ್ ತರಹದ ಬಂಡೆ ದಾರಿಗೆ ನಾಲ್ಕಿರಲಿ.

ಗಾತ್ರವನ್ನು ಎಷ್ಟೋ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕನ್ನಡಿ ಮಡಚಿದರೂ ಆರ್‌1ಟಿ ಸುಮಾರು 82 ಇಂಚು ಅಗಲ, ರ‍್ಯಾಂಗ್ಲರ್ 74. ಮುಂದಿನ ಚಕ್ರದಿಂದ ಹಿಂದಿನ ಚಕ್ರದ ದೂರ ಆರ್‌1ಟಿಗೆ ಸುಮಾರು 136 ಇಂಚು, ನಾಲ್ಕು ಬಾಗಿಲಿನ ರ‍್ಯಾಂಗ್ಲರ್‌ಗೆ 118. ಎರಡು ಮರಗಳ ನಡುವೆ ಎಂಟು ಇಂಚು ಅಂದರೆ ದೊಡ್ಡ ಮಾತು. ಇನ್ನು ಆರ್‌1ಟಿಯ ಹಿಂಬದಿಯ ಪಕ್ಕದ ತಗಡು ಸಾಮಾನು ಹಾಕುವ ತೊಟ್ಟಿಯಿಂದ ಛಾವಣಿಯ ಕಂಬದವರೆಗೆ ಒಂದೇ ಹಾಳೆಯಾಗಿ ಹೋಗುತ್ತದೆ, ಸಣ್ಣ ಜಜ್ಜಿಗೂ ದೊಡ್ಡ ಬಿಲ್ಲಾಗುವುದು ಅದಕ್ಕೇ. ರ‍್ಯಾಂಗ್ಲರ್‌ನ ಫೆಂಡರ್ ಬೋಲ್ಟ್ ಬಿಚ್ಚಿ ಬದಲಾಯಿಸುವಂಥದ್ದು. ಕೊಳ್ಳುವ ಮೊದಲೇ ಎರಡಕ್ಕೂ ಇನ್ಶೂರೆನ್ಸ್ ದರ ಕೇಳಿ.

ತೂಕ ಎಲ್ಲದಕ್ಕೂ ಅಡ್ಡ ಬರುತ್ತದೆ. ಆರ್‌1ಟಿ ಸುಮಾರು 7,150 ಪೌಂಡ್, ರುಬಿಕಾನ್ 4,450ರ ಆಸುಪಾಸು. ಕೆಸರಿನಲ್ಲಿ ಹೂತಾಗ ಎಳೆಯುವ ಹಗ್ಗದ ಮುರಿಯುವ ಬಲ ಗಾಡಿ ತೂಕದ ಮೂರು ಪಟ್ಟಾದರೂ ಇರಬೇಕು, ಅಂದರೆ ಆರ್‌1ಟಿಗೆ 21,500 ಪೌಂಡಿಗಿಂತ ಮೇಲೆ. ಜೀಪಿಗೆಂದು ಕೊಂಡ ತೆಳು ಹಗ್ಗ, ಸಣ್ಣ ಶ್ಯಾಕಲ್ (ಹಗ್ಗ ಸಿಕ್ಕಿಸುವ ಕೊಂಡಿ) ಇದಕ್ಕೆ ಬಳಸಿದರೆ ಮುರಿದು ಹಾರಿ ಪ್ರಾಣಕ್ಕೇ ಕುತ್ತು. ಹಗ್ಗ ಸುತ್ತಿಕೊಂಡು ಗಾಡಿಯನ್ನು ಎಳೆಯುವ ವಿಂಚಿನ ಲೆಕ್ಕ ಗಾಡಿಯ ಗರಿಷ್ಠ ಅನುಮತಿ ತೂಕದ ಒಂದೂವರೆ ಪಟ್ಟು: ರ‍್ಯಾಂಗ್ಲರ್‌ಗೆ 9,500 ಪೌಂಡಿನದು ಸಾಕು, ಆರ್‌1ಟಿಗೆ 12,800ಕ್ಕೂ ಮೇಲಿನದು ಬೇಕು. ಜೊತೆಗೆ ಬರುವ ಗಾಡಿ ಹಗುರವಾಗಿದ್ದರೆ ಅದು ನಿಮ್ಮನ್ನು ಎಳೆಯಲಾರದು, ಇದನ್ನು ಹೊರಡುವ ಮುಂಚೆಯೇ ಯೋಚಿಸಿ.

ಟೈರಿಗೆ ಬಂದರೆ ರುಬಿಕಾನ್‌ನ 285/70ಆರ್17ಕ್ಕೆ ರಿಮ್ಮಿನಿಂದಾಚೆ 200 ಮಿಲಿಮೀಟರ್ ರಬ್ಬರ್ ಗೋಡೆ ಇದೆ, ಆರ್‌1ಟಿಯ 275/65ಆರ್20ಕ್ಕೆ 179. ಬಂಡೆ ದಾರಿಗೆ ರುಬಿಕಾನ್ ಟೈರಿನ ಗಾಳಿಯನ್ನು 36 ಪಿಎಸ್‌ಐನಿಂದ 18-20ಕ್ಕೆ ಇಳಿಸಬಹುದು. ಆರ್‌1ಟಿ ಡಾಂಬರಿನಲ್ಲೇ 48 ಕೇಳುತ್ತದೆ. ಆ ಭಾರಕ್ಕೆ 30ರ ಕೆಳಗೆ ಹೋದರೆ ರಿಮ್ ಕಲ್ಲಿಗೆ ಬಡಿಯುವ ಅಪಾಯ. ಆರ್‌1ಟಿಯಲ್ಲಿ ಸ್ಪೇರ್ ಟೈರ್ ಬೇರೆ ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ಸಾಮಾನು, ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ತೊಟ್ಟಿಯ ಅಡಿ ತೆರೆದು ಇದೆಯೇ ಅಂತ ನೋಡಿ. ಜ್ಯಾಕ್ ಕೊಡುವಾಗ ಗುರುತಿಸಿದ ಜಾಗಕ್ಕೇ ಕೊಡಬೇಕು. ಬೇರೆಲ್ಲಾದರೂ ಕೊಟ್ಟರೆ ಭಾರ ಬೀಳುವುದು ಬ್ಯಾಟರಿ ಪೆಟ್ಟಿಗೆಯ ಮೇಲೆ. ಅಡಿಯ ರಕ್ಷಾಕವಚದ ವಿಷಯದಲ್ಲೂ ಜಿಪುಣತನ ಬೇಡ. ಬಂಡೆ ದಾರಿಗೆ ಹೋಗುವವರು ಗಟ್ಟಿ ಕವಚ ಇರುವ ಗಾಡಿಯನ್ನೇ ಹುಡುಕಿ.

ಕೈಕೊಡುವ ರೀತಿಯೂ ಬೇರೆ ಬೇರೆ. ರ‍್ಯಾಂಗ್ಲರ್‌ನಲ್ಲಿ 50-60 ಮೈಲಿ ವೇಗದಲ್ಲಿ ಗುಂಡಿಯೊಂದು ಸಿಕ್ಕಾಗ ಮುಂದಿನ ಚಕ್ರಗಳು ಗಡಗಡ ನಡುಗಲು ಶುರುವಾದರೆ, ಸ್ಟೀರಿಂಗ್ ಡ್ಯಾಂಪರ್ ಬದಲಾಯಿಸಿ ಸುಮ್ಮನಾಗಬೇಡಿ, ಅದು ಲಕ್ಷಣವನ್ನು ಮುಚ್ಚುತ್ತದೆ ಅಷ್ಟೇ. ಟ್ರ್ಯಾಕ್ ಬಾರ್‌ನ ಎರಡೂ ತುದಿಯ ಬೋಲ್ಟನ್ನು ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಬಿಗಿಯಿರಿ, ಬಾಲ್ ಜಾಯಿಂಟ್, ಟೈ ರಾಡ್ ತುದಿಗಳಲ್ಲಿ ಆಟವಿದೆಯೇ ನೋಡಿ, ಟೈರ್ ಬ್ಯಾಲೆನ್ಸ್ ಮಾಡಿಸಿ. ಆಳದ ನೀರು ದಾಟಿದ ಮೇಲೆ ಡಿಫರೆನ್ಷಿಯಲ್ ಎಣ್ಣೆ ಸ್ವಲ್ಪ ತೆಗೆದು ನೋಡಿ. ಹಾಲು ಬೆರೆತ ಚಹಾದಂತೆ ಕಂಡರೆ ನೀರು ಸೇರಿದೆ, ತಕ್ಷಣ ಬದಲಾಯಿಸಿ. ಸ್ಟಾರ್ಟ್-ಸ್ಟಾಪ್ ಇರುವ ವಿ6 ಮಾದರಿಯಲ್ಲಿ ಎರಡು 12 ವೋಲ್ಟ್ ಬ್ಯಾಟರಿಗಳಿವೆ, ಒಳಗೆ ಅಡಗಿರುವ ಚಿಕ್ಕದು ಸತ್ತರೂ ಗಾಡಿ ತಕರಾರು ತೆಗೆಯುತ್ತದೆ.

ಇವೆಲ್ಲ ಸ್ಪ್ಯಾನರ್ ಹಿಡಿದು ಕೂತರೆ ಆಗುವ ಕೆಲಸ. ಆರ್‌1ಟಿಗೆ ಎಂಜಿನ್ ಎಣ್ಣೆ ಬದಲಾವಣೆ, ಎಂಜಿನ್ ಏರ್ ಫಿಲ್ಟರ್ ಗೋಳಿಲ್ಲ, ಆದರೆ ಕೆಟ್ಟಾಗ ಕಾಡಿನಲ್ಲಿ ನೀವು ಮಾಡುವಂಥದ್ದೂ ಹೆಚ್ಚೇನಿಲ್ಲ. ಅದರ 12 ವೋಲ್ಟ್ ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಎಚ್ಚರಗೊಳ್ಳುವುದಿಲ್ಲ. ಒಂದು ಜಂಪ್ ಪ್ಯಾಕ್ ಇಟ್ಟುಕೊಳ್ಳಿ, ಹೊರಗಿನಿಂದ ಕರೆಂಟ್ ಕೊಡುವ ಜಾಗ ಎಲ್ಲಿದೆ ಅಂತ ಮನೆಯಲ್ಲೇ ನೋಡಿಟ್ಟುಕೊಳ್ಳಿ. ಚಕ್ರ ನೆಲದಲ್ಲಿ ಉರುಳಿಸಿಕೊಂಡು ಎಳೆಯುವಂತಿಲ್ಲ, ಗಾಡಿಯನ್ನೇ ಮೇಲೆ ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್ ಲಾರಿಯೇ ಬರಬೇಕು. ಫ್ಲ್ಯಾಟ್‌ಬೆಡ್ ಬರಲಾಗದ ದಾರಿಗೆ ಒಂಟಿಯಾಗಿ ಹೋಗಬೇಡಿ.

ಐದು ಗ್ಯಾಲನ್ನಿನ ಒಂದು ಕ್ಯಾನ್ ಪೆಟ್ರೋಲು 30 ಪೌಂಡ್ ತೂಗುತ್ತದೆ, ನಿಧಾನದ ದಾರಿಯಲ್ಲೂ 60-70 ಮೈಲಿ ದಾಟಿಸುತ್ತದೆ. 2 ಯೂನಿಟ್ಟಿನ ಪೋರ್ಟಬಲ್ ಪವರ್ ಸ್ಟೇಷನ್ ಆರ್‌1ಟಿಯನ್ನು ಮುಂದೆ ತಳ್ಳುವುದು ಹೆಚ್ಚೆಂದರೆ 4 ಮೈಲಿ. ಬದಲಿಗೆ ಆರ್‌ವಿ ಪಾರ್ಕುಗಳನ್ನು, ಅಂದರೆ ಮನೆಯಂಥ ಗಾಡಿಗಳು ತಂಗುವ ಜಾಗಗಳನ್ನು ನಂಬಿ. ಅಲ್ಲಿನ 50 ಆಂಪಿಯರ್ ನೆಮಾ 14-50 ಸಾಕೆಟ್ಟಿನಿಂದ 40 ಆಂಪಿಯರ್ ಎಳೆದರೆ ಗಂಟೆಗೆ 9.6 ಯೂನಿಟ್, 32 ಆಂಪಿಯರಿನ ಚಾರ್ಜರ್ ಇದ್ದರೆ 7.7. ರಾತ್ರಿ ಹತ್ತು ಗಂಟೆ ಇಟ್ಟರೆ ಮರುದಿನಕ್ಕೆ ಸಾಕು. 30 ಆಂಪಿಯರಿನ ಸಾಕೆಟ್ 120 ವೋಲ್ಟಿನದು, ಗಂಟೆಗೆ 2.9 ಅಷ್ಟೇ. ಕೆಲವು ಪಾರ್ಕುಗಳು ಕಾರ್ ಚಾರ್ಜಿಂಗಿಗೆ ಒಪ್ಪುವುದಿಲ್ಲ, ಬುಕ್ ಮಾಡುವಾಗಲೇ ಕೇಳಿ. 2024ರ ಮಾರ್ಚಿನಿಂದ ಅಡಾಪ್ಟರ್ ಹಾಕಿ ಟೆಸ್ಲಾ ಸೂಪರ್‌ಚಾರ್ಜರಿನಲ್ಲೂ ಆರ್‌1ಟಿ ಚಾರ್ಜ್ ಮಾಡಬಹುದು, ಆದರೆ ಹಳೆಯ ವಿ2 ಕಂಬಗಳಲ್ಲಿ ಆಗುವುದಿಲ್ಲ.

ದುಡ್ಡಿನ ಮಾತು. ಕ್ಯಾಲಿಫೋರ್ನಿಯಾದಲ್ಲಿ ರಾತ್ರಿ ದರ ಯೂನಿಟ್‌ಗೆ 30 ಸೆಂಟ್, ಪೆಟ್ರೋಲು ಗ್ಯಾಲನ್ನಿಗೆ 4.50 ಡಾಲರ್ ಹಿಡಿದರೆ, ಚಾರ್ಜಿಂಗ್ ನಷ್ಟ ಸೇರಿ ಆರ್‌1ಟಿಗೆ ಮೈಲಿಗೆ 16.5 ಸೆಂಟ್, 20 ಮೈಲಿ ಕೊಡುವ ರ‍್ಯಾಂಗ್ಲರ್‌ಗೆ 22.5. ವರ್ಷಕ್ಕೆ 10,000 ಮೈಲಿಗೆ ಉಳಿಯುವುದು 600 ಡಾಲರ್. ಅದೇ 55 ಸೆಂಟಿನ ಫಾಸ್ಟ್ ಚಾರ್ಜರನ್ನೇ ನೆಚ್ಚಿಕೊಂಡರೆ ಮೈಲಿಗೆ 27 ಸೆಂಟ್ ದಾಟಿ ಪೆಟ್ರೋಲಿಗಿಂತ ದುಬಾರಿ. ಅಪಾರ್ಟ್‌ಮೆಂಟಿನಲ್ಲಿ ಚಾರ್ಜಿಂಗ್ ಜಾಗವಿಲ್ಲದವರು ಇದನ್ನು ಎರಡು ಸಲ ಓದಿ. ಟೆಕ್ಸಸ್‌ನಲ್ಲಿ ಕರೆಂಟ್ ಅಗ್ಗ, ಆದರೆ 2023ರ ಸೆಪ್ಟೆಂಬರಿನಿಂದ ಎಲೆಕ್ಟ್ರಿಕ್ ಗಾಡಿಗೆ ವರ್ಷಕ್ಕೆ 200 ಡಾಲರ್ ಹೆಚ್ಚುವರಿ ಶುಲ್ಕವಿದೆ, ಹೊಸ ಗಾಡಿಗೆ ಮೊದಲ ಸಲ 400. ಕೇಂದ್ರ ಸರ್ಕಾರದ 7,500 ಡಾಲರ್ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿದಿದೆ, ಹಳೆಯ ಲೇಖನ ಓದಿ ಲೆಕ್ಕ ಹಾಕಬೇಡಿ.

ನಡುವಿನ ದಾರಿ ಬೇಕೆನ್ನುವವರಿಗೆ ಸೆಕೆಂಡ್ ಹ್ಯಾಂಡಿನಲ್ಲಿ ರ‍್ಯಾಂಗ್ಲರ್ 4ಎಕ್ಸ್‌ಇ ಇದೆ: 17.3 ಯೂನಿಟ್ ಬ್ಯಾಟರಿ, 21 ಮೈಲಿ ಕರೆಂಟಿನಲ್ಲಿ, ಆಮೇಲೆ ಪೆಟ್ರೋಲು. ರುಬಿಕಾನ್ ಮಾದರಿಯಾದರೆ ಲಾಕರ್, ಲೋ ಗೇರು ಎಲ್ಲ ಇದ್ದು ಸದ್ದಿಲ್ಲದೆ ಟ್ರೇಲ್ ಹತ್ತುವ ಸುಖ ಅದರದು. ಆದರೆ ಬ್ಯಾಟರಿಗೆ ಬೆಂಕಿ ಹತ್ತುವ ಅಪಾಯಕ್ಕಾಗಿ ಒಂದಕ್ಕಿಂತ ಹೆಚ್ಚು ರೀಕಾಲ್ ಆಗಿವೆ, ಸೆಕೆಂಡ್ ಹ್ಯಾಂಡ್ ನೋಡುವವರು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ವಿಐಎನ್ (ಗಾಡಿಯ ಗುರುತಿನ ನಂಬರ್) ಹಾಕಿ, ರಿಪೇರಿ ಮುಗಿದಿದೆ ಎಂಬ ಕಾಗದ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ. ಕಾಯುವ ತಾಳ್ಮೆಯಿದ್ದರೆ 2024ರ ಅಕ್ಟೋಬರಿನಲ್ಲಿ ತೋರಿಸಿದ ಎಲೆಕ್ಟ್ರಿಕ್ ಟ್ರಕ್ ಸ್ಕೌಟ್ ಟೆರಾ ಮೇಲೆ ಕಣ್ಣಿಡಿ. ಚಾಸಿಯ ಮೇಲೆ ಕೂರಿಸಿದ ಬಾಡಿ, ಹಿಂದೆ ಗಟ್ಟಿ ಆಕ್ಸಲ್, ಎರಡೂ ಕಡೆ ಲಾಕರ್, ಬೇಕಿದ್ದರೆ ಬ್ಯಾಟರಿ ತುಂಬುವುದಕ್ಕೆಂದೇ ಒಂದು ಪೆಟ್ರೋಲ್ ಜನರೇಟರ್.

ಇನ್ನೊಂದು ಮಾತು. ಪಾರ್ಕುಗಳ ಕೆಲವು ರಸ್ತೆಗಳಿಗೆ 'ಲೋ ಗೇರ್ ಇರುವ ಫೋರ್ ವೀಲ್ ಡ್ರೈವ್ ಮಾತ್ರ' ಎಂಬ ನಿಯಮವಿದೆ. ಆರ್‌1ಟಿಗೆ ಲೋ ಗೇರೇ ಇಲ್ಲ. ಆ ರಸ್ತೆಗೆ ಎಲೆಕ್ಟ್ರಿಕ್ ಬಿಡುತ್ತಾರೆಯೇ ಅಂತ ಪರ್ಮಿಟ್ ತೆಗೆಯುವ ಮೊದಲೇ ರೇಂಜರ್ ಕಚೇರಿಗೆ ಇಮೇಲ್ ಹಾಕಿ, ಬಂದ ಉತ್ತರವನ್ನು ಪ್ರಿಂಟ್ ತೆಗೆದು ಗಾಡಿಯಲ್ಲಿಟ್ಟುಕೊಳ್ಳಿ. ಕಣಿವೆಯೊಳಗೆ ಫೋನಿಗೆ ಸಿಗ್ನಲ್ ಇರುವುದಿಲ್ಲ.