ಎಂಟು ಸುತ್ತು, ಆರೂವರೆ ನಿಮಿಷ

ಆಷಾಢದ ಒಂದು ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಶಾಲೆಯ ಗೇಟಿನ ಬಳಿ ಕಾಯುತ್ತಾ ನಿಂತಿದ್ದ. ಪಿಯುಸಿ ಮುಗಿಸಿ ಚಿತ್ರದುರ್ಗದ ಈರುಳ್ಳಿ ಮಂಡಿಯಲ್ಲಿ ಮೂಟೆ ಹೊರುತ್ತಿರುವ ಹುಡುಗ. "ಮೇಡಂ, ಕಾನ್‌ಸ್ಟೆಬಲ್ ಫಿಸಿಕಲ್ ಎರಡು ಸಲ ಹೋಯಿತು. ಎರಡೂ ಸಲ ಓಟದಲ್ಲೇ. ಮೂರು ತಿಂಗಳಿಂದ ದಿನಾ 1600 ಮೀಟರ್ ಓಡುತ್ತಿದ್ದೇನೆ, ಹತ್ತು ಸೆಕೆಂಡೂ ಇಳಿದಿಲ್ಲ" ಎಂದ.

ದಿನಾ ಓಡುತ್ತಿದ್ದೇನೆ ಎಂದನಲ್ಲ, ಅವನ ತೊಂದರೆ ಅಲ್ಲೇ ಇತ್ತು.

ನಮ್ಮ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. 3.80 ಮೀಟರ್ ಉದ್ದ ಜಿಗಿಯಬೇಕು, ಇಲ್ಲವೇ 1.20 ಮೀಟರ್ ಎತ್ತರ. 7.26 ಕೆ.ಜಿ. ಗುಂಡನ್ನು 5.60 ಮೀಟರ್ ದೂರಕ್ಕೆ ಎಸೆಯಬೇಕು. ದಮ್ಮು, ವೇಗ, ಕಸುವು ಮೂರನ್ನೂ ಬೇರೆ ಬೇರೆಯಾಗಿ ಅಳೆಯುವ ಪರೀಕ್ಷೆ ಇದು. ಅದಕ್ಕೆ ತಯಾರಾಗುವುದೆಂದರೆ ಪರೀಕ್ಷೆಯನ್ನೇ ದಿನವೂ ಬರೆಯುವುದು ಎಂದು ಮಕ್ಕಳು ತಿಳಿದಿದ್ದಾರೆ. ಜ್ವರ ಬಂದವನು ಗಂಟೆಗೊಮ್ಮೆ ಥರ್ಮಾಮೀಟರ್ ಇಟ್ಟುಕೊಂಡರೆ ಜ್ವರ ಇಳಿಯುತ್ತದೆಯೇ?

ನಾನು ಖೋ ಖೋ ಆಡುತ್ತಿದ್ದ ಕಾಲದಲ್ಲಿ ನಮಗೂ ಹೀಗೇ ಹೇಳಿಕೊಡುತ್ತಿದ್ದರು. ಬೀಳುವವರೆಗೆ ಓಡು, ವಾಂತಿಯಾದರೆ ಒಳ್ಳೆಯದು. ಮೊಣಕಾಲಿನ ಕೆಳಗೆ ಮುಂಗಾಲಿನ ಎಲುಬಿನ ನೋವಿನಿಂದ ನಾನು ಒಂದಿಡೀ ವರ್ಷ ಅಂಕಣಕ್ಕೆ ಇಳಿಯಲಾಗಲಿಲ್ಲ. ಆ ವರ್ಷ ನನಗೆ ಮರಳಿ ಸಿಗುವುದಿಲ್ಲ. ಹಾಗಾಗಿ ಈ ವಿಷಯದಲ್ಲಿ ನನ್ನ ದನಿ ಸ್ವಲ್ಪ ಏರುತ್ತದೆ.

ನಮ್ಮ ಮೈದಾನದಲ್ಲಿ ಸುಣ್ಣದ ಗೆರೆ ಎಳೆದರೆ ಒಂದು ಸುತ್ತು 200 ಮೀಟರ್. ಎಂಟು ಸುತ್ತು ಓಡಿಸಿ ಪ್ರತಿ ಸುತ್ತಿನ ಸಮಯವನ್ನೂ ಬರೆದುಕೊಂಡೆ: 38, 44, 49, 51, 53, 55, 57, 59. ಒಟ್ಟು 6 ನಿಮಿಷ 46 ಸೆಕೆಂಡು. ಆರೂವರೆ ನಿಮಿಷಕ್ಕೆ ಮುಗಿಸಬೇಕಾದರೆ ಸುತ್ತಿಗೆ 49 ಸೆಕೆಂಡಿಗಿಂತ ಒಂದಿಷ್ಟು ಕಡಿಮೆ ಸಾಕು. ಇವನು ಮೊದಲ ಸುತ್ತನ್ನೇ ಹತ್ತು ಸೆಕೆಂಡು ಬೇಗ ಓಡಿ ದಮ್ಮು ಖರ್ಚು ಮಾಡಿ, ಉಳಿದ ಸುತ್ತುಗಳಲ್ಲಿ ಆ ಸಾಲ ತೀರಿಸುತ್ತಿದ್ದ. ಜೋಗಿಮಟ್ಟಿ ಕಡೆಯ ಗಾಳಿ ಎದೆಗೆ ಬಡಿಯುವ ತಿರುವಿನಲ್ಲಿ ಅವನ ಹೆಗಲು ಕಿವಿಯ ತನಕ ಏರುತ್ತಿತ್ತು, ಮುಷ್ಟಿ ಬಿಗಿಯುತ್ತಿತ್ತು. ಗಡಿಯಾರ ನೋಡದೆಯೇ ಹೇಳಬಹುದಿತ್ತು, ದಮ್ಮು ಮುಗಿಯಿತೆಂದು.

ಎರಡು ದಿನ ಬಿಟ್ಟು 12 ನಿಮಿಷದ ಓಟ ಮಾಡಿಸಿದೆ. ಅಮೆರಿಕದ ವಾಯುಪಡೆಯ ವೈದ್ಯರಾಗಿದ್ದ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ ಪರೀಕ್ಷೆ ಇದು. ಗಡಿಯಾರ ಮತ್ತು ಅಳೆದ ನೆಲ ಇದ್ದರೆ ಸಾಕು ಎನ್ನುವುದೇ ಇದರ ದೊಡ್ಡ ಗುಣ. ಓಡಿದ ಮೀಟರ್‌ಗಳಲ್ಲಿ 505 ಕಳೆದು 45ರಿಂದ ಭಾಗಿಸಿದರೆ ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದರ ಅಂದಾಜು ಸಿಗುತ್ತದೆ. ಅವನು ಹನ್ನೆರಡೂವರೆ ಸುತ್ತು ಓಡಿದ, ಅಂದರೆ 2500 ಮೀಟರ್. ಲೆಕ್ಕಕ್ಕೆ 44 ಬಂತು, ಅಂದರೆ ದೇಹತೂಕದ ಪ್ರತಿ ಕೆ.ಜಿ.ಗೆ ನಿಮಿಷಕ್ಕೆ 44 ಮಿ.ಲೀ. ಆಮ್ಲಜನಕ. ರಿಜಿಸ್ಟರಿನಲ್ಲಿ ಬರೆದಿಟ್ಟೆ.

ಆಮೇಲೆ ಎರಡು ತಿಂಗಳು 1600 ಓಡುವುದನ್ನು ನಿಲ್ಲಿಸಿದೆ. ಅವನಿಗೆ ಸಿಟ್ಟು ಬಂದಿತ್ತು. ಮಂಗಳವಾರ ಮತ್ತು ಶುಕ್ರವಾರ ಎರಡು ಸುತ್ತನ್ನು 94 ಸೆಕೆಂಡಿನಲ್ಲಿ ಓಡುವುದು, ಎರಡು ನಿಮಿಷ ನಡೆಯುವುದು, ಮತ್ತೆ ಓಡುವುದು, ಹೀಗೆ ಆರು ಸಲ. ವೇಗ ಏರಿಸಲಿಲ್ಲ, ನಡುವಿನ ವಿಶ್ರಾಂತಿಯನ್ನು ಮಾತ್ರ ಮೆಲ್ಲನೆ ಒಂದೂವರೆ ನಿಮಿಷಕ್ಕೆ ಇಳಿಸಿದೆ. ಓಟದ ನಡುನಡುವೆ ಬಿಡುವು ಕೊಡುವ ಈ ವಿರಾಮ ತರಬೇತಿಯ ಜೀವ ಇರುವುದು ಆ ವಿಶ್ರಾಂತಿಯಲ್ಲಿ. ಚೆಕೊಸ್ಲೊವಾಕಿಯಾದ ಓಟಗಾರ ಎಮಿಲ್ ಜಾಟೊಪೆಕ್ 400 ಮೀಟರನ್ನು ಹೀಗೆ ಮತ್ತೆ ಮತ್ತೆ ಓಡಿಯೇ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5000 ಮೀಟರ್, 10,000 ಮೀಟರ್ ಮತ್ತು ಮ್ಯಾರಥಾನ್ ಮೂರರಲ್ಲೂ ಚಿನ್ನ ಗೆದ್ದರು ಎಂದು ಹೇಳಿದ ಮೇಲೆ ಹುಡುಗನ ಸಿಟ್ಟು ಇಳಿಯಿತು.

ಬುಧವಾರ ಚಂದ್ರವಳ್ಳಿಯವರೆಗೆ ಮಾತನಾಡುತ್ತಾ ಓಡುವಷ್ಟು ನಿಧಾನದ ಓಟ. ಶನಿವಾರ ಅದೇ ರಸ್ತೆಯಲ್ಲಿ ಒಂದು ವಿದ್ಯುತ್ ಕಂಬದಿಂದ ಇನ್ನೊಂದಕ್ಕೆ ಜೋರು, ಮುಂದಿನ ಎರಡು ಕಂಬ ಹಗುರ. ಸ್ವೀಡನ್ನಿನವರು ಫಾರ್ಟ್‌ಲೆಕ್ ಎಂದು ಹೆಸರಿಟ್ಟದ್ದನ್ನು ನಮ್ಮ ಮಕ್ಕಳು 'ಕಂಬದ ಓಟ' ಎನ್ನುತ್ತಾರೆ.

ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿದ್ದು ಗುಂಡು. ಐವತ್ತು ಕೆ.ಜಿ. ಮೂಟೆಯನ್ನು ಒಂದೇ ಎತ್ತಿಗೆ ಹೆಗಲಿಗೇರಿಸುವ ಹುಡುಗ ಗುಂಡು ಎಸೆದರೆ 4.90ಕ್ಕೆ ಬೀಳುತ್ತಿತ್ತು. ಅವನಿಗೇ ನಂಬಿಕೆ ಬರಲಿಲ್ಲ. ಟೇಪನ್ನು ತಾನೇ ಹಿಡಿದು ಅಳೆದು ನೋಡಿದ. ಕಸುವು ಇದೆ, ಆದರೆ ಅದನ್ನು ಕ್ಷಣಮಾತ್ರದಲ್ಲಿ ಹೊರಹಾಕುವುದು ಬೇರೆಯೇ ಗುಣ. ಪುಸ್ತಕದಲ್ಲಿ ಅದಕ್ಕೆ ಸ್ಫೋಟಕ ಶಕ್ತಿ ಎನ್ನುತ್ತಾರೆ: ಬಲದ ಜೊತೆಗೆ ವೇಗ. ಮೂಟೆ ಹೊರುವವನು ಅವಸರ ಮಾಡುವಂತಿಲ್ಲ, ಮಾಡಿದರೆ ಸೊಂಟ ಹೋಗುತ್ತದೆ. ಅವನ ದೇಹ ಮೂರು ವರ್ಷದಿಂದ ನಿಧಾನವಾಗಿರುವುದನ್ನು ಕಲಿತಿತ್ತು.

ಹತ್ತಿರ ಕೂತು ನೋಡಿದೆ. ಗುಂಡು ಕುತ್ತಿಗೆಗೆ ಸರಿಯಾಗಿಯೇ ತಾಗಿತ್ತು. ಆದರೆ ಕಾಲು ಎರಡೂ ನೆಟ್ಟ ಕಂಬ. ಇಡೀ ಎಸೆತ ಮೊಣಕೈಯಿಂದ ಮಾತ್ರ. ಹಿಂಗಾಲು ಮಡಿಸಿ, ಪಾದ ನೆಲ ಒದ್ದು, ಸೊಂಟ ತಿರುಗಿ, ಎದೆ ಮುಂದೆ ಬಂದ ಮೇಲೆ ಕೈ ಕೊನೆಗೆ ಬರಬೇಕು. ಇದನ್ನು ಬಾಯಲ್ಲಿ ಹೇಳಿದರೆ ಬರುವುದಿಲ್ಲ. ಹಳೆಯ ವಾಲಿಬಾಲ್‌ಗೆ ಒಂದಿಷ್ಟು ಮರಳು ತುಂಬಿ ಹೊಲಿದೆವು, ಸುಮಾರು ಮೂರು ಕೆ.ಜಿ. ಆಯಿತು. ಅದನ್ನು ಎರಡೂ ಕೈಯಲ್ಲಿ ಎದೆಯಿಂದ ಗೋಡೆಗೆ ತಳ್ಳುವುದು, ಶಾಲೆಯ ಜಗಲಿ ಮೆಟ್ಟಿಲನ್ನು ಜೋಡಿಗಾಲಿನಲ್ಲಿ ಹಾರಿ ಹತ್ತುವುದು. ಹತ್ತೇ ಸಲ, ಪೂರ್ತಿ ಜೋರಿನಲ್ಲಿ, ಆಮೇಲೆ ಸಾಕು. ದಣಿದ ಮೇಲೂ ಮುಂದುವರಿಸಿದರೆ ದೇಹ ಮತ್ತೆ ನಿಧಾನವನ್ನೇ ಕಲಿಯುತ್ತದೆ. ಆರನೇ ವಾರದಲ್ಲಿ ಗುಂಡು 5.72ಕ್ಕೆ ಬಿತ್ತು. ಅವನು ಕೂಗಲಿಲ್ಲ. ಗುಂಡು ಬಿದ್ದ ಕುಳಿಯ ಪಕ್ಕದಲ್ಲೇ ಸ್ವಲ್ಪ ಹೊತ್ತು ಕುಕ್ಕರಗಾಲಿನಲ್ಲಿ ಕೂತಿದ್ದ.

ಶಾಲೆಯ ಮಕ್ಕಳ ಪರೀಕ್ಷೆಗಳ ಬಗ್ಗೆಯೂ ಒಂದು ಮಾತು. 50 ಮೀಟರ್, 600 ಮೀಟರ್, ಕೂತು ಮುಂದಕ್ಕೆ ಬಾಗುವುದು, ಪುಷ್‌ಅಪ್, ಬಿಎಂಐ ಎಲ್ಲವನ್ನೂ ನಾವು ಮಾಡಿಸುತ್ತೇವೆ. ಜೂನ್‌ನಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ, ಅದೇ ನೆಲ, ಅದೇ ಹೊತ್ತು, ಅದೇ ಸ್ಟಾಪ್‌ವಾಚ್. ಇಲ್ಲದಿದ್ದರೆ ಎರಡು ಸಂಖ್ಯೆಗಳನ್ನು ಪಕ್ಕದಲ್ಲಿಟ್ಟು ನೋಡುವುದರಲ್ಲಿ ಅರ್ಥವಿಲ್ಲ. ಅಂಕಿ ತುಂಬಿ ಮುಗಿಸಿದರೆ ಕೆಲಸ ಮುಗಿಯಿತು ಎನ್ನುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ; ಆ ಅಂಕಿ ಮಗುವಿಗೆ ನಾಳೆ ಏನು ಮಾಡಿಸಬೇಕೆಂದು ಹೇಳುವುದಕ್ಕಾಗಿ ಇದೆ.

ಕಳೆದ ಗುರುವಾರ 12 ನಿಮಿಷದ ಓಟದಲ್ಲಿ ಅವನು ಹದಿಮೂರೂವರೆ ಸುತ್ತು ಮುಗಿಸಿದ. ಸೋಮವಾರ 1600 ಓಡಲು ಬಿಟ್ಟೆ: 46, 48, 48, 49, 49, 49, 48, 45. ಆರು ನಿಮಿಷ 22 ಸೆಕೆಂಡು. ಕೊನೆಯ ಸುತ್ತು ಎಲ್ಲಕ್ಕಿಂತ ಬೇಗ ಬಂದದ್ದನ್ನು ಅವನಿಗೆ ಎರಡು ಸಲ ತೋರಿಸಿದೆ.

ಉದ್ದ ಜಿಗಿತ ಇನ್ನೂ ಬಾಕಿ. ಓಡಿ ಬಂದು ಹಲಗೆಯ ಹತ್ತಿರ ಹೆಜ್ಜೆ ಕುಗ್ಗಿಸುತ್ತಾನೆ. ಜಿಗಿತದ ಗುಂಡಿಯ ತುಂಬ ಹುಲ್ಲು ಬೆಳೆದು ಮರಳು ಗಟ್ಟಿಯಾಗಿದೆ. ಶನಿವಾರ ಮಂಡಿ ಕೆಲಸ ಮುಗಿಸಿ ಗುದ್ದಲಿ ತರುತ್ತೇನೆ ಎಂದಿದ್ದಾನೆ.