ಎರಡು ಹೆಸರಿನ ಗುಡ್ಡ

ಮೇ ತಿಂಗಳ ಕೊನೆ. ಸಾಗರದಲ್ಲಿ ಬಸ್ಸು ಹತ್ತಿ ಶರಾವತಿ ಹಿನ್ನೀರಿನ ಅಂಬಾರಗೋಡ್ಲಿಗೆ ಬಂದಿಳಿದೆ. ಸಿಗಂದೂರಿಗೆ ಹೋಗುವವರು ಈಗ ಸೇತುವೆ ಮೇಲೆ ಸರ್ರನೆ ದಾಟಿಬಿಡುತ್ತಾರೆ. 2025ರ ಜುಲೈವರೆಗೂ ಇಲ್ಲಿ ಲಾಂಚ್ ಕಾಯಬೇಕಿತ್ತು. ನನಗೆ ನೀರಿನ ನಡುವಿನ ಗುಡ್ಡಗಳ ಹುಚ್ಚು. ಪರಿಚಯದವರ ದೋಣಿ ಹತ್ತಿದೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಊರು, ಗದ್ದೆ, ತೋಟ ಎಲ್ಲ ಮುಳುಗಿದವು. ಎತ್ತರದ ಗುಡ್ಡಗಳ ತಲೆ ಮಾತ್ರ ಉಳಿಯಿತು. ಪ್ರವಾಸಿಗರು ಅವನ್ನು ದ್ವೀಪ ಅನ್ನುತ್ತಾರೆ. ಇಲ್ಲಿಯವರ ಬಾಯಲ್ಲಿ ಈಗಲೂ ಗುಡ್ಡವೇ.

ದೋಣಿಯಲ್ಲಿ ಎಪ್ಪತ್ತೈದು ದಾಟಿದ ಇಬ್ಬರು ಹಿರಿಯರಿದ್ದರು. ಮುಳುಗಿದ ಎರಡು ಅಕ್ಕಪಕ್ಕದ ಊರಿನವರು.

"ಅದು ಕೌಲುಗುಡ್ಡ" ಅಂದರು ಒಬ್ಬರು.

"ಎಂತ ಮಾರಾಯ, ಅದು ದನದ ಗುಡ್ಡ. ನಮ್ಮೂರ ದನ ಮೇಯ್ತಿದ್ದಿದ್ದು ಅಲ್ಲೇ."

ಎರಡು ಊರಿಗೂ ಗಡಿ ಒಂದು ಹಳ್ಳವಂತೆ. ಗುಡ್ಡ ಹಳ್ಳದ ಆಚೆಗಿತ್ತೋ ಈಚೆಗಿತ್ತೋ ಅನ್ನುವುದೇ ಜಗಳ. ಹಳ್ಳವೋ, ಅರವತ್ತು ವರ್ಷದಿಂದ ನೀರಿನಡಿ!

ನನಗೆ ನಗು ಬಂತು. ಥೇಟ್ ಇದೇ ಜಗಳ ಎರಡು ದೇಶಗಳ ನಡುವೆ ನಡೆದಿತ್ತು. ಅವರಿಗೂ ಹೇಳಿದೆ. 1970ರ ಭೋಲಾ ಚಂಡಮಾರುತದ ನಂತರ, ಭಾರತ, ಬಾಂಗ್ಲಾದೇಶದ ಗಡಿಯ ಹರಿಯಾಭಾಂಗಾ ನದಿ ಬಂಗಾಳ ಕೊಲ್ಲಿ ಸೇರುವಲ್ಲಿ ಒಂದು ದಿಬ್ಬ ಎದ್ದಿತು. ನಾವು ಅದನ್ನು ನ್ಯೂ ಮೂರ್ ಅಂದೆವು, ಪೂರ್ಬಾಶಾ ಅಂತಲೂ ಕರೆದೆವು. ಬಾಂಗ್ಲಾದೇಶ ದಕ್ಷಿಣ ತಾಲ್‌ಪಟ್ಟಿ ಅಂದಿತು. ಎತ್ತರ ಎರಡು ಮೀಟರನ್ನೂ ದಾಟಿರಲಿಲ್ಲ, ಜನ ಯಾರೂ ಇರಲಿಲ್ಲ. ಆದರೂ 1981ರಲ್ಲಿ ಭಾರತ ಅಲ್ಲಿ ಬಾವುಟ ನೆಟ್ಟಿತು. ನದಿಯ ಮುಖ್ಯ ಹರಿವು ದಿಬ್ಬದ ಪೂರ್ವಕ್ಕಿದ್ದರೆ ದಿಬ್ಬ ನಮ್ಮದು, ಪಶ್ಚಿಮಕ್ಕಿದ್ದರೆ ಅವರದು. ನಿಜ ಹೇಳಬೇಕೆಂದರೆ ಕಣ್ಣಿದ್ದದ್ದು ಮಣ್ಣಿನ ಮೇಲಲ್ಲ, ಸುತ್ತಲಿನ ಕಡಲಿನಡಿ ಸಿಕ್ಕಬಹುದಾದ ತೈಲ, ಅನಿಲದ ಮೇಲೆ.

"ಆಮೇಲೆ?"

"2010ರಲ್ಲಿ ಜಾದವಪುರ ವಿಶ್ವವಿದ್ಯಾಲಯದವರು ದಿಬ್ಬವೇ ಮುಳುಗಿಹೋಗಿದೆ ಅಂದರು. 2014ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಮಂಡಳಿಯಿಂದ ತೀರ್ಪು ಬಂತು. ದಿಬ್ಬ ಇದ್ದ ಜಾಗ ನಮಗೆ. ಜಗಳದ ಕಡಲಿನಲ್ಲಿ ಜಾಸ್ತಿ ಪಾಲು, ಅಂದರೆ 25,602 ಚದರ ಕಿಲೋಮೀಟರಿನಲ್ಲಿ 19,467, ಅವರಿಗೆ."

"ಮುಳುಗಿದ ಮೇಲೆ ಎಂತಕ್ಕೆ ಕೋರ್ಟು?"

"ನಮ್ಮದೂ ಮುಳುಗಿದ್ದೇ ಅಲ್ವಾ?" ಅಂದರು ಇನ್ನೊಬ್ಬರು. ಸ್ವಲ್ಪ ಹೊತ್ತು ಹುಟ್ಟಿನ ಸದ್ದು ಮಾತ್ರ.

ಗುಡ್ಡದ ಬುಡದಲ್ಲಿ ಇಳಿದೆವು. ನೀರು ಇಳಿದಿಳಿದು ಕೆಂಪು ಮಣ್ಣಿನಲ್ಲಿ ಮೆಟ್ಟಿಲಿನಂತೆ ಗೆರೆ ಮೂಡಿತ್ತು. ಕಪ್ಪಾದ ಮರದ ಬೊಡ್ಡೆಗಳ ನಡುವೆ ಒಂದು ಒರಳುಕಲ್ಲು ಅರ್ಧ ಹೂತಿತ್ತು. ಅದರ ಗುಳಿಯಲ್ಲಿ ನಿಂತ ನೀರಲ್ಲಿ ಉಗುರಿನಷ್ಟು ಮೀನುಮರಿ ನಾಲ್ಕೈದು. ಕೌಲುಗುಡ್ಡದವರು ಬಗ್ಗಿ ಒಳಗೆ ಕೈ ಆಡಿಸಿದರು. ಮೀನುಮರಿಗಳನ್ನು ಬೊಗಸೆಯಲ್ಲಿ ಹೊಳೆಗೆ ಬಿಟ್ಟರು.

"ಯಾರ ಮನೇದು?" ಅಂದೆ.

ಇಬ್ಬರೂ ಏನೂ ಹೇಳಲಿಲ್ಲ. ದನದ ಗುಡ್ಡದವರು ಕವಳದ ಸಂಚಿ ಬಿಚ್ಚಿದರು, ಇವರು ಕೈ ಚಾಚಿದರು.

ವಾಪಸು ಬರುವಾಗ ಮತ್ತೆ ಶುರು. "ಹಳ್ಳ ಎಲ್ಲಿ ಅಂತ ಕಣ್ಣಾರೆ ತೋರಿಸ್ತೇನೆ, ನೀರು ಇನ್ನೆರಡಾಳು ಇಳೀಲಿ."

ಅಷ್ಟರಲ್ಲಿ ಕೊಡಚಾದ್ರಿ ಕಡೆಯಿಂದ ಗುಡುಗು ಕೇಳಿಸಿತು.